ಜೋಮು ಹಿಡಿದ ಕೈ

ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲದ ಹೊತ್ತಿಗೆ ನಿಂಬೆಹಣ್ಣಿನ ದೀಪ ಹಚ್ಚುವ ವಾಡಿಕೆಯನ್ನು ಬೆಂಗಳೂರಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗಿನದು ಹೊರಗಾಗುವಂತೆ ಮಗುಚಿ, ಆ ಪುಟ್ಟ ಬಟ್ಟಲಿಗೆ ಬತ್ತಿ ಹಾಕಿ ಹಚ್ಚುತ್ತಾರೆ. ನೋಡುವವರಿಗೆ ಇದು ಏನೂ ಅಲ್ಲದ ಕೆಲಸ. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಂದೇ ಮನಸ್ಸಿನಿಂದ ದುಡಿಯದಿದ್ದರೆ ಸಿಪ್ಪೆ ಮಗುಚಿಕೊಳ್ಳುವುದಿಲ್ಲ, ಹರಿದುಹೋಗುತ್ತದೆ. ಹೋದ ವರ್ಷ ಒಂದು ಶುಕ್ರವಾರ ನನ್ನ ಅಕ್ಕ ಗುಡಿಯ ಕಟ್ಟೆಯ ಮೇಲೆ ಕುಳಿತು ನಾಲ್ಕು ಹೋಳುಗಳನ್ನು ಹರಿದಳು. ಐದನೆಯದನ್ನು ನನ್ನ ಕೈಗೆ ಕೊಟ್ಟು, “ಬೆರಳು ನನ್ನದಲ್ಲ ಅನ್ನಿಸ್ತದೆ ಕಣೋ, ನೀನೇ ಮಾಡಿಕೊಡು” ಎಂದಳು.

ಅಕ್ಕ ಮೂವತ್ತು ವರ್ಷಗಳಿಂದ ಮನೆಯಲ್ಲಿಯೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾ ಬಂದವಳು. ಆಕೆಯ ಬೆರಳು ಆಕೆಯದಲ್ಲದೆ ಹೋದರೆ ಅದು ಮನೆಯ ಲೆಕ್ಕಪತ್ರದ ವಿಷಯವೂ ಆಗುತ್ತದೆ. ಅದಕ್ಕೆ ಒಂದು ವರ್ಷದ ಹಿಂದಿನಿಂದಲೇ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕುಳಿತು, ಬಲಗೈಯನ್ನು ಮಂಚದ ಪಕ್ಕಕ್ಕೆ ಇಳಿಬಿಟ್ಟು, ನೀರು ಕೊಡವುವವರಂತೆ ಕೊಡವುತ್ತಿದ್ದಳಂತೆ. ಒಬ್ಬ ವೈದ್ಯರು ಕತ್ತಿನ ಚಿತ್ರ ತೆಗೆಸಿ, ಮೂಳೆ ಸವೆದಿದೆ ಎಂದು ಹೇಳಿ, ಕತ್ತಿಗೆ ಪಟ್ಟಿ ಕಟ್ಟಿದ್ದರು. ಆರು ತಿಂಗಳು ಆ ಪಟ್ಟಿ ಹಾಕಿಕೊಂಡು ಹೊಲಿದಳು. ಕತ್ತಿಗೆ ಯಾವ ನೋವೂ ಇರಲಿಲ್ಲ. ಕೈಗೆ ಯಾವ ಗುಣವೂ ಕಾಣಲಿಲ್ಲ. ಎರಡನೆಯ ವೈದ್ಯರು ಮಣಿಕಟ್ಟನ್ನು ನೋಡಿ, “ನರ ಇಲ್ಲಿ ಅದುಮಿಕೊಂಡಿದೆ. ಬಲಗೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಳ್ಳೆಯದು” ಎಂದರು. ಮಾಡಿಸಿಕೊಳ್ಳಬೇಕೆ, ಬೇಡವೆ ಎಂದು ಅಕ್ಕ ನನ್ನನ್ನು ಕೇಳಿದಳು. ನಾನು ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದರೆ ಕೇಳಿದ್ದಕ್ಕೆ ಗೊತ್ತಿಲ್ಲವೆಂದು ಸುಮ್ಮನಿರಲಾರದೆ ಈ ಅದುಮಿದ ನರದ ಚರಿತ್ರೆಯನ್ನು ಹುಡುಕಿಕೊಂಡು ಹೊರಟೆ. ಕತ್ತನ್ನು ದೂರಿ ಕೈಯನ್ನು ಮರೆತ ವೈದ್ಯರು ಒಬ್ಬಂಟಿಗರಲ್ಲ, ಅವರ ಹಿಂದೆ ದೊಡ್ಡದೊಂದು ಪರಂಪರೆಯೇ ಇದೆ ಎಂಬುದು ಆಗ ತಿಳಿಯಿತು.

ಮೊದಲು ನಮ್ಮ ‘ನರ’ ಎಂಬ ಮಾತನ್ನೇ ನೋಡೋಣ. ಮುಂಗೈಯ ಮೇಲೆ ನೀಲಿಯಾಗಿ ಎದ್ದು ಕಾಣುವ ರಕ್ತನಾಳವೂ ನಮಗೆ ನರವೇ. ಕಾಲು ಉಳುಕಿದಾಗ ಸೆಟೆದುಕೊಳ್ಳುವುದೂ ನರವೇ. ಮಿದುಳಿನಿಂದ ಬೆರಳ ತುದಿಗೆ ಸುದ್ದಿ ಒಯ್ಯುವ ತಂತಿಯೂ ನರವೇ. ತಮಿಳಿನ ನರಂಬು ನಮ್ಮ ನರದ ಒಡಹುಟ್ಟು. ಇದನ್ನು ಕಂಡು ನಮ್ಮ ಭಾಷೆ ಬಡದೆಂದು ಯಾರೂ ನಾಚಬೇಕಾಗಿಲ್ಲ. ಗ್ರೀಕರ ‘ನ್ಯೂರಾನ್’ ಎಂಬ ಶಬ್ದಕ್ಕೂ ಮೊದಲಿದ್ದ ಅರ್ಥ ಬಿಲ್ಲಿನ ಹೆದೆ, ಮಾಂಸವನ್ನು ಮೂಳೆಗೆ ಕಟ್ಟುವ ಹುರಿ ಎಂದೇ. ಸಂಸ್ಕೃತದ ಸ್ನಾಯು ಅದರ ದಾಯಾದಿ. ಇಂದು ಕನ್ನಡದಲ್ಲಿ ಅದು ಮಾಂಸಖಂಡವಾಗಿ ಕುಳಿತಿದೆ. ಹುರಿ, ನಾಳ, ತಂತಿ ಮೂರನ್ನೂ ಒಂದೇ ಹೆಸರಿನಿಂದ ಕರೆದ ಜನ ಎಲ್ಲ ದೇಶಗಳಲ್ಲಿಯೂ ಇದ್ದರು. ಹೊರಗಿನಿಂದ ಮುಟ್ಟಿ ನೋಡಿದರೆ ಮೂರೂ ಹುರಿಯಂತೆಯೇ ಇವೆಯಷ್ಟೆ.

ಆದರೆ ಕೈಯ ಕಷ್ಟವನ್ನು ಹೇಳುವಾಗ ಕನ್ನಡ ಬಹಳ ಚೊಕ್ಕಟವಾಗಿ ಮಾತನಾಡುತ್ತದೆ. ಕೈ ಜೋಮು ಹಿಡಿಯುತ್ತದೆ, ಅಂದರೆ ಇರುವೆ ಹರಿದಂತೆ ಜುಮುಜುಮು ಎಂದು, ಕೊಡವಿದರೆ ಬಿಟ್ಟುಹೋಗುತ್ತದೆ. ಕೈ ಮರಗಟ್ಟುತ್ತದೆ, ಅಂದರೆ ಕೊಡವಿದರೂ ಬಿಡುವುದಿಲ್ಲ, ಮುಟ್ಟಿದ್ದು ತಿಳಿಯುವುದಿಲ್ಲ. ಕೈ ಸೊರಗುತ್ತದೆ, ಅಂದರೆ ಮಾಂಸ ಇಳಿದು ಗುಳಿ ಬೀಳುತ್ತದೆ. ನಮ್ಮ ಅಜ್ಜಿಯರು ಈ ಮೂರನ್ನು ಎಂದೂ ಒಂದಕ್ಕೊಂದು ಬೆರೆಸಿ ಹೇಳುತ್ತಿರಲಿಲ್ಲ. ಅವರ ಈ ಎಚ್ಚರಕ್ಕೆ ಎಷ್ಟು ಬೆಲೆಯಿದೆ ಎಂಬುದು ಮುಂದೆ ತಿಳಿಯುತ್ತದೆ.

ಹಳೆಯದೆಲ್ಲವೂ ಸುಶ್ರುತನಲ್ಲಿದೆ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೂ ಇಲ್ಲಿ ಆತನನ್ನು ನೆನೆಯದೆ ಮುಂದೆ ಹೋದರೆ ಅನ್ಯಾಯವಾದೀತು. ವಾತವ್ಯಾಧಿಗಳನ್ನು ಹೇಳುವಲ್ಲಿ ಸುಶ್ರುತಸಂಹಿತೆ, ಕಾಲಿಗೆ ಬರುವ ಗೃಧ್ರಸಿಯ ಜೊತೆಗೆ, ತೋಳಿನಿಂದ ಬೆರಳುಗಳವರೆಗಿನ ಹುರಿಗಳನ್ನು ಹಿಡಿದು ತೋಳಿನ ಕೆಲಸವನ್ನೇ ಕೆಡಿಸುವ ‘ವಿಶ್ವಾಚಿ’ ಎಂಬ ವ್ಯಾಧಿಯನ್ನು ಹೆಸರಿಸುತ್ತದೆ. ನೂರೇಳು ಮರ್ಮಗಳನ್ನು ಎಣಿಸುವಾಗ ಮಣಿಬಂಧವೂ ಕೂರ್ಪರವೂ, ಎಂದರೆ ಮಣಿಕಟ್ಟೂ ಮೊಣಕೈಯೂ, ಅದರಲ್ಲಿ ಸೇರುತ್ತವೆ. ಅಲ್ಲಿ ಪೆಟ್ಟಾದರೆ ಕೈ ಸೊಟ್ಟಾಗುತ್ತದೆಂಬ ಎಚ್ಚರಿಕೆಯೂ ಇದೆ. ಕಷ್ಟ ಒಂದು ಗೆರೆಯನ್ನು ಹಿಡಿದು ಹರಿಯುತ್ತದೆ, ಕೈಯಲ್ಲಿ ಕೆಲವು ಇಕ್ಕಟ್ಟಿನ ಜಾಗಗಳಿವೆ ಎಂಬ ಎರಡು ಸಂಗತಿಗಳು ಆತನಿಗೆ ಕಂಡಿದ್ದುವು. ಅವೆರಡನ್ನೂ ಜೋಡಿಸಿ, ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರುವುದು ಇಂಥ ತಂತಿ ಎಂದು ಹೇಳಲು ಇನ್ನೂ ಬಹಳ ಕಾಲ ಹಿಡಿಯಿತು.

ಆ ಇಕ್ಕಟ್ಟು ಎಂಥದು? ಅಂಗೈಯ ಬುಡದಲ್ಲಿ ಸಣ್ಣ ಸಣ್ಣ ಮೂಳೆಗಳು ಸೇರಿ ಒಂದು ದೋಣಿಯ ಆಕಾರವಾಗಿದೆ. ದೋಣಿಯ ಮೇಲೆ ಅಡ್ಡಲಾಗಿ ಒಂದು ಗಟ್ಟಿಯಾದ ಪಟ್ಟಿ ಬಿಗಿದಿದೆ. ಹೀಗೆ ಆದ ಸುರಂಗದೊಳಗೆ ಬೆರಳುಗಳನ್ನು ಮಡಿಸುವ ಒಂಬತ್ತು ಹುರಿಗಳೂ ಅವುಗಳ ಜೊತೆಗೆ ಒಂದೇ ಒಂದು ನರವೂ ತೂರಿ ಹೋಗಬೇಕು. ಅದೇ ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ, ಇಷ್ಟಕ್ಕೆ ಸ್ಪರ್ಶ ಕೊಡುವುದು ಅದು. ಹೆಬ್ಬೆರಳ ಬುಡದ ದಿಬ್ಬದ ಮಾಂಸವನ್ನು ಆಡಿಸುವುದೂ ಅದೇ. ಹುರಿಗಳ ಹೊದಿಕೆ ಕೊಂಚ ಊದಿಕೊಂಡರೆ ಸಾಕು, ಶಿವಾಜಿನಗರದ ಬಸ್ಸಿನಲ್ಲಿ ನಿಂತ ಮುದುಕನ ಹಾಗೆ ಅದುಮಿಕೊಳ್ಳುವುದು ಈ ಮೆತ್ತನೆಯ ನರ. ಕಿರುಬೆರಳಿನ ಯಜಮಾನ ಬೇರೆ. ಅದು ಅಲ್ನಾರ್ ನರ, ಮೊಣಕೈಯ ಒಳಬದಿಯ ಗಂಟಿನ ಹಿಂದೆ ಹಾದುಬರುತ್ತದೆ. ಮೇಜಿನ ಅಂಚು ತಗುಲಿದಾಗ ವಿದ್ಯುತ್ತು ಹೊಡೆದಂತಾಗಿ ನಾವು ಅಯ್ಯೋ ಎನ್ನುವುದು ಈ ಜಾಗದಲ್ಲಿಯೇ.

ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯನು 1850ರ ದಶಕದಲ್ಲಿ, ಮುಂಗೈ ಮೂಳೆ ಮುರಿದು ಕೂಡಿಕೊಂಡ ಒಬ್ಬನ ಬೆರಳುಗಳಲ್ಲಿ ಏನು ಮಾಡಿದರೂ ಮಾಯದ ಹುಣ್ಣುಗಳನ್ನು ಕಂಡನು. ಹೊಸದಾಗಿ ಬೆಳೆದ ಮೂಳೆ ಮಣಿಕಟ್ಟಿನಲ್ಲಿ ನರವನ್ನು ಒತ್ತುತ್ತಿತ್ತು. ಕೈಯನ್ನು ಒತ್ತಡ ಕಡಿಮೆಯಾಗುವಂತೆ ಬಾಗಿಸಿ ಕಟ್ಟಿದಾಗ ಹುಣ್ಣು ಮಾಯ್ದಿತು. ಹುಣ್ಣು ಬೆರಳಲ್ಲಿ, ತಪ್ಪು ಮಣಿಕಟ್ಟಿನಲ್ಲಿ! 1880ರಲ್ಲಿ ಬಾಸ್ಟನ್ನಿನ ಪಟ್ನಮ್ ಎಂಬಾತ 37 ರೋಗಿಗಳ ವೃತ್ತಾಂತವನ್ನು ಬರೆದನು. ಹೆಚ್ಚಿನವರು ಹೆಂಗಸರು, ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು, ಮಂಚದ ಪಕ್ಕಕ್ಕೆ ಕೈ ಇಳಿಬಿಟ್ಟು ಕೊಡವುತ್ತಿದ್ದರು. ಇದನ್ನು ಓದಿದಾಗ ಅಕ್ಕನ ಕೋಣೆಯನ್ನೇ ಯಾರೋ ಕಿಟಕಿಯಿಂದ ನೋಡಿ ಬರೆದಂತೆ ನನಗನ್ನಿಸಿತು. ಆದರೆ ಪಟ್ನಮ್ ಮಣಿಕಟ್ಟಿನವರೆಗೆ ಬರಲಿಲ್ಲ. ರಕ್ತದ ಹರಿವಿನಲ್ಲೇನೋ ದೋಷವಿದೆ ಎಂದು ಆ ಕಾಲದವರು ತಿಳಿದರು.

1913ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯರ್ ಮಾರಿ ಮತ್ತು ಫುವಾ ಎಂಬ ಇಬ್ಬರು, ತೀರಿಕೊಂಡ ಎಂಬತ್ತು ವರ್ಷದ ಮುದುಕಿಯೊಬ್ಬಳ ಕೈಗಳನ್ನು ಸೀಳಿ ನೋಡಿದರು. ಆಕೆಯ ಎರಡು ಕೈಗಳಲ್ಲಿಯೂ ಹೆಬ್ಬೆರಳ ದಿಬ್ಬ ಸೊರಗಿಹೋಗಿತ್ತು. ಪಟ್ಟಿಯ ಮೇಲ್ಬದಿಯಲ್ಲಿ ನರ ಗಂಟಿನಂತೆ ಊದಿತ್ತು. ಪಟ್ಟಿಯ ಕೆಳಗೆ ತೆಳ್ಳಗಾಗಿತ್ತು. ಇದನ್ನು ಮೊದಲೇ ಕಂಡುಹಿಡಿದು ಪಟ್ಟಿಯನ್ನು ಕತ್ತರಿಸಿದ್ದರೆ ಕೈ ಉಳಿಯುತ್ತಿತ್ತೇನೋ ಎಂದು ಅವರು ಸೂಚಿಸಿದರು. ಯಾರೂ ಕಿವಿಗೊಡಲಿಲ್ಲ. ಮುಂದಿನ ಮೂವತ್ತು ವರ್ಷ ಈ ಸೊರಗಿದ ಹೆಬ್ಬೆರಳಿಗೆ ಕತ್ತಿನ ಬುಡದ ಹೆಚ್ಚುವರಿ ಪಕ್ಕೆಲುಬೇ ಕಾರಣವೆಂಬ ವಾದ ಜೋರಾಗಿತ್ತು. ರೋಗ ಮಣಿಕಟ್ಟಿನಲ್ಲಿದ್ದಾಗ ಕತ್ತಿನಲ್ಲಿ ಶಸ್ತ್ರವಾಡಿಸಿಕೊಂಡವರು ಅನೇಕರು. ಅಕ್ಕನ ಪಾಲಿಗೆ ಬರೀ ಕತ್ತಿನ ಪಟ್ಟಿ ಬಂದದ್ದು ಪುಣ್ಯವೆಂದೇ ನಾನು ಈಗ ಎಣಿಸುತ್ತೇನೆ. ನಲವತ್ತು ದಾಟಿದ ಯಾರ ಕತ್ತಿನ ಚಿತ್ರ ತೆಗೆದರೂ ಅಷ್ಟಿಷ್ಟು ಸವೆತ ಕಾಣುವುದುಂಟು, ನೋವಿಲ್ಲದವರಲ್ಲಿಯೂ ಕಾಣುವುದುಂಟು. ಕತ್ತಿನಲ್ಲಿ ನರದ ಬೇರು ಒತ್ತಿ ಕೈ ಜೋಮು ಹಿಡಿಯುವುದು ಸುಳ್ಳಲ್ಲ. ಆದರೆ ಚಿತ್ರ ಒಂದನ್ನೇ ನೋಡಿ ತೀರ್ಪು ಕೊಟ್ಟರೆ ಮುದುಕಿಯ ಕಥೆ ಮತ್ತೆ ಮೊದಲಾಗುತ್ತದೆ.

1933ರಲ್ಲಿ ಅಮೆರಿಕೆಯ ಮೇಯೋ ಕ್ಲಿನಿಕ್ಕಿನಿಂದ ಲಿಯರ್ಮಂತ್ ಎಂಬಾತ ಆ ಪಟ್ಟಿಯನ್ನು ಕತ್ತರಿಸಿದ ವರದಿಯನ್ನು ಪ್ರಕಟಿಸಿದನು. 1947ರಲ್ಲಿ ಲಂಡನ್ನಿನ ರಸೆಲ್ ಬ್ರೇನ್ ಮತ್ತು ಸಂಗಡಿಗರು ಆರು ರೋಗಿಗಳ ವಿಚಾರವನ್ನು ಬರೆದರು. 1950ರಿಂದ ಕ್ಲೀವ್‌ಲೆಂಡಿನ ಜಾರ್ಜ್ ಫೇಲೆನ್ ಇದನ್ನೇ ಹಿಡಿದು ಕುಳಿತು, 1966ರ ಹೊತ್ತಿಗೆ 654 ಕೈಗಳ ಲೆಕ್ಕವನ್ನು ವೈದ್ಯಲೋಕದ ಮುಂದಿಟ್ಟನು. ಮಣಿಕಟ್ಟನ್ನು ಒಂದು ನಿಮಿಷ ಮಡಿಸಿ ಹಿಡಿದರೆ ಜೋಮು ಬರುತ್ತದೆಯೇ ನೋಡುವ ಪರೀಕ್ಷೆಗೆ ಇಂದಿಗೂ ಆತನದೇ ಹೆಸರು. ಕೆಲಸದಿಂದ ಈ ರೋಗ ಬರುತ್ತದೆಂಬುದನ್ನು ಫೇಲೆನ್ ಒಪ್ಪುತ್ತಿರಲಿಲ್ಲ. ಬ್ರೇನ್ ಕೈಗೆಲಸದ ಕಡೆಗೆ ಬೆರಳು ತೋರಿಸಿದ್ದನು. ಈ ಜಗಳ ಮುಗಿದಿಲ್ಲ. ಬಲವಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸ, ನಡುಗುವ ಯಂತ್ರ, ಇವು ಅಪಾಯವನ್ನು ಹೆಚ್ಚಿಸುತ್ತವೆಂದು ಈಗ ಬಹುಮಟ್ಟಿಗೆ ಒಪ್ಪಿದ್ದಾರೆ. ಎಲ್ಲರೂ ದೂರುವ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಹೊರಿಸಿದ ಆರೋಪಕ್ಕೆ ಮಾತ್ರ ಸಾಕ್ಷಿ ದುರ್ಬಲ. ನಮ್ಮ ಊರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದಿನವೆಲ್ಲ ಕತ್ತರಿ ಹಿಡಿಯುವ ಹೆಂಗಸರ, ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆಯುವವರ ಕೈಗಳನ್ನು ನೋಡಿದವರು ಈ ವಾದದಲ್ಲಿ ಯಾರ ಪಕ್ಷ ಹಿಡಿಯುತ್ತಾರೆಂದು ಊಹಿಸಬಹುದು. ಕೆಲಸವಲ್ಲದೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಕೀಲುವಾತ ಇವೂ ಕಾರಣಗಳೇ. ಬಸುರಿಯರಲ್ಲಿ ಬಂದದ್ದು ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ.

ಅಕ್ಕನನ್ನು ನೋಡಿದ ಎರಡನೆಯ ವೈದ್ಯರು ಮಣಿಕಟ್ಟಿನ ಜೊತೆಗೆ ಮೊಣಕೈಯ ಹಿಂದೆಯೂ ಬೆರಳಿಟ್ಟು ನರವನ್ನು ತಡವಿದರು. ತೋಳಿನ ಚರ್ಮದ ಮೇಲೆ ಮಚ್ಚೆಗಳಿವೆಯೇ ಎಂದು ಹುಡುಕಿದರು. ಆಮೇಲೆ ನಾನು ಕೇಳಿದ್ದಕ್ಕೆ, “ನಮ್ಮ ದೇಶದಲ್ಲಿ ಮರಗಟ್ಟಿದ ಕೈಯನ್ನು ನೋಡುವವನು ಕುಷ್ಠವನ್ನು ಮರೆಯಬಾರದು” ಎಂದರು. ಅಕ್ಕನಿಗೆ ಅದೇನೂ ಇರಲಿಲ್ಲ. ಆದರೆ ಅವರ ಆ ಒಂದು ಮಾತಿನಿಂದ ನನಗೆ ಈ ಚರಿತ್ರೆಯ ಇನ್ನೊಂದು ಬಾಗಿಲು ತೆರೆಯಿತು. ಪಾಶ್ಚಾತ್ಯ ಪುಸ್ತಕಗಳು ಅದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮ್ಮವರ ಕೈಯ ಚರಿತ್ರೆ ಬಹುಪಾಲು ಅಲ್ಲಿಯೇ ಇದೆ.

ಪಾಲ್ ಬ್ರಾಂಡ್ ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಶಸ್ತ್ರವೈದ್ಯ ಕಲಿತು ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ನಮ್ಮ ಕೋಲಾರದ ಕಡೆಯವರಿಗೆ ವೇಲೂರು ದೂರವಲ್ಲ. 1947ರಲ್ಲಿ ಅವರು ಚೆಂಗಲ್ಪಟ್ಟಿನ ಕುಷ್ಠಾಶ್ರಮವನ್ನು ನೋಡಲು ಹೋದಾಗ, ಬೆರಳುಗಳು ಕೊಕ್ಕೆಯಂತೆ ಮಡಿಸಿಹೋಗಿದ್ದ ಒಬ್ಬ ರೋಗಿಯ ಕೈಗೆ ತಮ್ಮ ಕೈ ಕೊಟ್ಟು ಹಿಸುಕಲು ಹೇಳಿದರು. ಸತ್ತಂತಿದ್ದ ಕೈ ಅವರ ಬೆರಳು ಮುರಿಯುವಷ್ಟು ಬಿಗಿಯಾಗಿ ಹಿಡಿಯಿತು. ಹಾಗಾದರೆ ಮುಂಗೈಯ ಮಾಂಸ ಗಟ್ಟಿಯಾಗಿದೆ. ಕೆಟ್ಟಿರುವುದು ಅಂಗೈಯ ಸಣ್ಣ ಮಾಂಸಗಳು ಮಾತ್ರ. ಅವಕ್ಕೆ ಆಜ್ಞೆ ಕೊಡುವ ಅಲ್ನಾರ್ ನರ ಮೊಣಕೈಯ ಮೇಲೆ ಊದಿ, ತನ್ನದೇ ಹೊದಿಕೆಯೊಳಗೆ ತಾನೇ ಅದುಮಿಕೊಂಡು ಸತ್ತಿತ್ತು. ನರಗಳು ಚರ್ಮದ ಸಮೀಪಕ್ಕೆ ಬಂದು ತಂಪಾಗಿರುವ ಜಾಗಗಳಲ್ಲಿಯೇ, ಮೊಣಕೈಯ ಮೇಲೆ, ಮಣಿಕಟ್ಟಿನ ಮೇಲೆ, ಕುಷ್ಠದ ಕ್ರಿಮಿ ಮನೆಮಾಡುತ್ತದೆ ಎಂಬುದನ್ನು ಬ್ರಾಂಡ್ ಗಮನಿಸಿದರು. 1948ರಿಂದ ಅವರು ಗಟ್ಟಿಯಾದ ಹುರಿಯೊಂದನ್ನು ಬಿಡಿಸಿ ಬೇರೆ ಬೆರಳಿಗೆ ಹೊಲಿದು ಮುಚ್ಚಿದ ಮುಷ್ಟಿಗಳನ್ನು ತೆರೆಯತೊಡಗಿದರು.

ಕುಷ್ಠದಲ್ಲಿ ಬೆರಳು ತಾನಾಗಿ ಉದುರುವುದಿಲ್ಲ, ನೋವು ತಿಳಿಯದ್ದರಿಂದ ಸುಟ್ಟುಕೊಂಡು, ಕುಯ್ದುಕೊಂಡು ಕಳೆದುಹೋಗುತ್ತದೆ ಎಂಬುದನ್ನು ಜಗತ್ತಿಗೆ ಮನಗಾಣಿಸಿದವರೂ ಅವರೇ. ರಾತ್ರಿ ಮಲಗಿದವರ ಬೆರಳನ್ನು ಇಲಿ ಕಡಿಯುತ್ತದೆಂದು ಗೊತ್ತಾದ ಮೇಲೆ ಮನೆಗೆ ಮರಳುವ ರೋಗಿಯ ಜೊತೆಗೆ ಒಂದು ಬೆಕ್ಕನ್ನು ಕಳುಹಿಸುವ ಪದ್ಧತಿಯಾಯಿತು. ಪೂರ್ವಜನ್ಮದ ಪಾಪವೆಂದು ಊರ ಹೊರಗೆ ಇಟ್ಟಿದ್ದ ಜನರ ಬೆರಳಿಗೆ ಬೇಕಾಗಿದ್ದದ್ದು ಒಂದು ಬೆಕ್ಕು! 1982ರಲ್ಲಿ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದ ಮೇಲೆ ರೋಗ ಪೂರ್ತಿ ವಾಸಿಯಾಗುತ್ತದೆ. ಆದರೂ ಕುಷ್ಠವಿದೆಯೆಂದು ವಿವಾಹವಿಚ್ಛೇದನ ಕೇಳಬಹುದೆಂಬ ಮಾತು ನಮ್ಮ ಕಾನೂನಿನಿಂದ ತೊಲಗಿದ್ದು 2019ರಲ್ಲಿ. ನರ ಹೊಸದಾಗಿ ಕೆಟ್ಟಿದ್ದರೆ, ಅಂದರೆ ಆರು ತಿಂಗಳೊಳಗಾಗಿದ್ದರೆ, ಪ್ರೆಡ್ನಿಸೋಲೋನ್ ಮಾತ್ರೆಗಳಿಂದ ಅದು ಚೇತರಿಸಿಕೊಳ್ಳುವ ಸಂಭವ ಚೆನ್ನಾಗಿದೆ. ಅದರ ಮೇಲೆ ಶಸ್ತ್ರದಿಂದ ಹೊದಿಕೆಯನ್ನು ಬಿಡಿಸಿದರೆ ಹೆಚ್ಚಿನ ಲಾಭವುಂಟೇ ಎಂಬುದಕ್ಕೆ ಮಾಡಿದ ಪ್ರಯೋಗಗಳು ಬೆರಳೆಣಿಕೆಯಷ್ಟು, ಉತ್ತರ ಸ್ಪಷ್ಟವಾಗಿಲ್ಲ. ಶ್ರೀಮಂತರ ಮಣಿಕಟ್ಟಿಗೆ ನಡೆದ ಪ್ರಯೋಗಗಳ ರಾಶಿಯನ್ನು ಬಡವರ ಮೊಣಕೈಗೆ ನಡೆದ ಈ ಹಿಡಿಯಷ್ಟರ ಪಕ್ಕದಲ್ಲಿಟ್ಟು ನೋಡಿದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಅಕ್ಕನ ಕಡೆಗೆ ಮರಳೋಣ. ಶಸ್ತ್ರಕ್ಕೆ ಮೊದಲು ನರದ ಓಟವನ್ನು ಅಳೆಯಬೇಕೆಂದು ವೈದ್ಯರು ಹೇಳಿದರು. ನರದ ಸುದ್ದಿ ಅಳೆಯಲಾರದಷ್ಟು ವೇಗವೆಂದು ಜನ ತಿಳಿದಿದ್ದ ಕಾಲದಲ್ಲಿ, 1850ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದು, ಸೆಕೆಂಡಿಗೆ ಇಪ್ಪತ್ತೇಳು ಮೀಟರಿನ ಸುಮಾರಿದೆ ಎಂದು ತೋರಿಸಿದ್ದನು. ನಮ್ಮ ಮುಂಗೈಯಲ್ಲಿ ಅದು ಐವತ್ತಕ್ಕಿಂತ ಹೆಚ್ಚು. ಅದುಮಿದ ಜಾಗದಲ್ಲಿ ಓಟ ನಿಧಾನವಾಗುತ್ತದೆಂಬುದನ್ನು 1956ರಲ್ಲಿ ಸಿಂಪ್ಸನ್ ಎಂಬಾತ ಮಣಿಕಟ್ಟಿನಲ್ಲಿಯೇ ತೋರಿಸಿದನು. ಅಂದಿನಿಂದ ಕತ್ತೋ ಕೈಯೋ ಎಂಬ ಜಗಳಕ್ಕೆ ಒಬ್ಬ ಸಾಕ್ಷಿ ಸಿಕ್ಕಂತಾಯಿತು. ನಮ್ಮ ಊರಿನಲ್ಲಿ ನರಗಳ ಶಾಸ್ತ್ರಕ್ಕೆ ನೆಲೆ ಸಿಕ್ಕಿದ್ದೂ ಆ ಕಾಲದಲ್ಲಿಯೇ. 1954ರಲ್ಲಿ ಹೊಸೂರು ರಸ್ತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು, ಡಾಕ್ಟರ್ ಆರ್. ಎಂ. ವರ್ಮ ಅವರು ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಕಟ್ಟಿ ಬೆಳೆಸಿದರು. 1974ರಲ್ಲಿ ಅದು ಪಕ್ಕದ ಸರಕಾರಿ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಇಂದು ಈ ಪರೀಕ್ಷೆ ಬಡಾವಣೆಗೊಂದರಂತೆ ನಡೆಯುತ್ತದೆ. ಅಕ್ಕನದು ಡಿಸೆಂಬರ್ ತಿಂಗಳ ಬೆಳಗ್ಗೆ ಆಯಿತು. ಪರೀಕ್ಷೆ ಮಾಡುವಾಕೆ ಮೊದಲು ಆಕೆಯ ಕೈಯನ್ನು ಬೆಚ್ಚಗೆ ಮಾಡಿದಳು. ತಣ್ಣಗಿರುವ ಕೈಯಲ್ಲಿ ಒಳ್ಳೆಯ ನರವೂ ನಿಧಾನವಾಗಿ ಓಡುತ್ತದಂತೆ.

ಫಲಿತಾಂಶ ಬಂದ ಮೇಲೆ ಲೆಕ್ಕ ನಮ್ಮ ಅಜ್ಜಿಯರ ಮೂರು ಮಾತುಗಳ ಮೇಲೆಯೇ ನಿಂತಿತು. ಎಡಗೈಯದು ಜೋಮು: ರಾತ್ರಿ ಬಂದು ಹಗಲು ಬಿಡುತ್ತದೆ. ಬಲಗೈ ಮರಗಟ್ಟಿದೆ, ಹೆಬ್ಬೆರಳ ದಿಬ್ಬ ಸೊರಗಲು ತೊಡಗಿದೆ. ಜೋಮಿನ ಹಂತದಲ್ಲಿ ನರದ ಹೊದಿಕೆ ಮಾತ್ರ ನೊಂದಿರುತ್ತದೆ. ರಾತ್ರಿ ಮಣಿಕಟ್ಟು ಮಡಿಸದಂತೆ ನೇರವಾಗಿ ಹಿಡಿಯುವ ಪಟ್ಟಿ ಕಟ್ಟಿಕೊಂಡು ಕಾಯಬಹುದು. ಬೇಕಾದರೆ ಸ್ಟಿರಾಯ್ಡ್ ಚುಚ್ಚುಮದ್ದೂ ಉಂಟು, ಅದರ ಗುಣ ಹಲವರಲ್ಲಿ ಕೆಲವು ತಿಂಗಳ ಮಾತು. ಸೊರಗುವ ಹಂತದಲ್ಲಿ ಒಳಗಿನ ಎಳೆಗಳೇ ಸಾಯುತ್ತಿರುತ್ತವೆ, ಕಾದಷ್ಟೂ ನಷ್ಟ. 2002ರಲ್ಲಿ ಹಾಲೆಂಡಿನವರು 176 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಪಟ್ಟಿಯನ್ನೂ ಇನ್ನೊಂದಕ್ಕೆ ಶಸ್ತ್ರವನ್ನೂ ಗೊತ್ತುಮಾಡಿದರು. ಹದಿನೆಂಟು ತಿಂಗಳಾದ ಮೇಲೆ ಶಸ್ತ್ರದ ಪಾಲಿನಲ್ಲಿ ನೂರಕ್ಕೆ 90 ಮಂದಿಗೂ ಪಟ್ಟಿಯ ಪಾಲಿನಲ್ಲಿ 75 ಮಂದಿಗೂ ಗುಣವಾಗಿತ್ತು. ಪಟ್ಟಿಯ ಪಾಲಿನ ಅನೇಕರು ಅಷ್ಟರಲ್ಲಿ ತಾವೂ ಶಸ್ತ್ರಕ್ಕೆ ಒಪ್ಪಿಕೊಂಡಿದ್ದರೆಂಬುದನ್ನೂ ಮರೆಯಬಾರದು. ಮೊಣಕೈಯ ನರಕ್ಕೆ ಶಸ್ತ್ರ ಮಾಡಿದಾಗ ಫಲ ಇಷ್ಟು ಖಚಿತವಲ್ಲ. ಅಲ್ಲಿ ನರವನ್ನು ಸುಮ್ಮನೆ ಬಿಡಿಸಿದರೂ, ಗಂಟಿನ ಮುಂದಕ್ಕೆ ಸರಿಸಿ ಕೂರಿಸಿದರೂ ಫಲ ಹೆಚ್ಚುಕಡಿಮೆ ಒಂದೇ ಎಂದು ಕಂಡುಬಂದಿದೆ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಆಕೆ ಹಾಲೆಂಡಿನವರ ಬಗ್ಗೆ ಏನೂ ಕೇಳಲಿಲ್ಲ. “ಸೊರಗಿದ್ದು ತುಂಬಿಕೊಳ್ಳುತ್ತದೆಯೇ?” ಎಂದಳು. ಪೂರ್ತಿ ತುಂಬದೆ ಇರಬಹುದು, ಇನ್ನಷ್ಟು ಸೊರಗುವುದು ನಿಲ್ಲಬಹುದು ಎಂದು ವೈದ್ಯರು ಹೇಳಿದ್ದನ್ನೇ ಹೇಳಿದೆ. “ಕಡಿಮೆ ಆಸೆ ತೋರಿಸಿದರು, ಹಾಗಾದರೆ ನಂಬಬಹುದು” ಎಂದು ಮದುವೆಯ ತಿಂಗಳು ಮುಗಿದ ಮೇಲೆ ದಿನ ಗೊತ್ತುಮಾಡಿಕೊಂಡಳು. ಅಂಗೈಗೆ ಮಾತ್ರ ಮರವಿನ ಮದ್ದು ಕೊಟ್ಟು, ಕಾಲು ಗಂಟೆಯಲ್ಲಿ ಪಟ್ಟಿಯನ್ನು ಕತ್ತರಿಸಿ, ಅದೇ ದಿನ ಮನೆಗೆ ಕಳುಹಿಸಿದರು. ಆ ವಾರದಿಂದಲೇ ಬಲಗೈ ರಾತ್ರಿ ಎಬ್ಬಿಸುವುದನ್ನು ಬಿಟ್ಟಿತು. ಅಂಗೈಯ ಬುಡದ ನೋವು ಎರಡು ತಿಂಗಳು ಉಳಿದು, ಆ ಹೊತ್ತಿನ ರವಿಕೆಗಳೆಲ್ಲ ಪಕ್ಕದ ಬೀದಿಯ ದರ್ಜಿಗೆ ಹೋದವು. ಈಗ ಮತ್ತೆ ಹೊಲಿಯುತ್ತಾಳೆ. ದಿಬ್ಬ ಇನ್ನೂ ಪೂರ್ತಿ ಎದ್ದಿಲ್ಲ. ಬಟ್ಟೆಯ ನಯವನ್ನು ಬೆರಳಿನಿಂದ ಅಳೆಯುವಾಗ ಎಡಗೈಯನ್ನೇ ಮುಂದೆ ಮಾಡುತ್ತಾಳೆ, ಆ ಕೈಗೆ ರಾತ್ರಿ ಪಟ್ಟಿ ಕಟ್ಟುವುದನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಮೊನ್ನೆ ಮಂಗಳವಾರ ಗುಡಿಯಲ್ಲಿ ಐದು ಹೋಳುಗಳನ್ನು ಮಗುಚಿದಳು. ಒಂದು ಹರಿಯಿತು.